ಸುತ್ತಿಗೆ ಏಟಿನ ನಾಣ್ಯ: ಯಾರ್ಕ್‌ನಿಂದ ಬಂದ ಒಂದು ಪ್ರಶ್ನೆ

ಪ್ರಶ್ನೆ: ನಾನು ಹಾಸನ ಜಿಲ್ಲೆಯವಳು. ಮೂರು ವರ್ಷದಿಂದ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ನರ್ಸ್ ಆಗಿದ್ದೇನೆ. ಕಳೆದ ತಿಂಗಳು ಇಲ್ಲಿನ ನಾಣ್ಯ ಮೇಳದಲ್ಲಿ ಎರಡು ಬೆಳ್ಳಿ ನಾಣ್ಯ ಕೊಂಡೆ. ಒಂದು ಎಡ್ವರ್ಡ್ ರಾಜನ ಪೆನ್ನಿ, ಯಾರ್ಕ್‌ನಲ್ಲೇ ಆದದ್ದಂತೆ. ತೂಕ 1.21 ಗ್ರಾಂ. ಗುಂಡಗಿಲ್ಲ, ಒಂದು ಕಡೆ ಅಕ್ಷರವೇ ಮೂಡಿಲ್ಲ. ಇನ್ನೊಂದು ಮೊದಲನೇ ಎಲಿಜಬೆತ್ ರಾಣಿಯ 1573ರ ಸಿಕ್ಸ್‌ಪೆನ್ಸ್. ಎರಡು ಕಡೆ ಮಡಿಸಿ ಬಿಚ್ಚಿದ ಗೆರೆಯಿದೆ. ಚಿತ್ರ ಕಳಿಸಿದ್ದೇನೆ. ಮನೆಯವರು ‘ಮೋಸ ಹೋದೆ’ ಅಂತಾರೆ. ಇವು ಅಸಲಿಯೇ? ಸಂಗ್ರಹ ಶುರು ಮಾಡಬೇಕೆಂದರೆ ಎಲ್ಲಿಂದ ಶುರು ಮಾಡಲಿ? ಹುಣಸೆಹಣ್ಣು ಹಾಕಿ ತೊಳೆಯಬಹುದೇ? ಸಹೋದ್ಯೋಗಿಗಳು ಮೆಟಲ್ ಡಿಟೆಕ್ಟರ್ ಹಿಡಿದು ಹೊಲಗಳಿಗೆ ಹೋಗುತ್ತಾರೆ, ನಾನೂ ಹೋಗಬಹುದೇ?

ಉತ್ತರ: ಮಿಕ್ಕಿದ್ದೆಲ್ಲ ಆಮೇಲೆ, ಮೊದಲು ಹುಣಸೆಹಣ್ಣನ್ನು ಅಡುಗೆಮನೆಗೆ ವಾಪಸು ಕಳಿಸಿ. ವಿಭೂತಿ, ನಿಂಬೆಹುಳಿ, ಟೂತ್‌ಪೇಸ್ಟ್, ಸೋಡಾಪುಡಿ ಯಾವುದೂ ಬೇಡ. ಹಬ್ಬಕ್ಕೆ ಬೆಳ್ಳಿ ದೀಪ ಬೆಳಗುವ ಮನೆಯಲ್ಲಿ ಬೆಳೆದವರಿಗೆ ಕಪ್ಪಗಾದ ಬೆಳ್ಳಿ ಕಂಡರೆ ಕೈ ಸುಮ್ಮನಿರುವುದಿಲ್ಲ, ನನಗದು ಗೊತ್ತು. ಆದರೆ ಆ ಕಪ್ಪು ನೂರಾರು ವರ್ಷ ನಿಧಾನವಾಗಿ ಕೂತದ್ದು. ಸವೆದ ಅಕ್ಷರ ಇವತ್ತು ಓದಲು ಸಿಗುವುದೇ ತಗ್ಗಿನಲ್ಲಿ ಉಳಿದ ಆ ಕಪ್ಪಿನಿಂದ. ಒಂದು ಸಲ ಉಜ್ಜಿ ತೆಗೆದರೆ ನಿಮ್ಮ ಜೀವಮಾನದಲ್ಲಿ ಅದು ವಾಪಸು ಬರುವುದಿಲ್ಲ. ಬೆಲೆಯೂ ಅರ್ಧಕ್ಕಿಳಿಯುತ್ತದೆ. ಮಣ್ಣು ಅಂಟಿದ್ದರೆ ಡಿಸ್ಟಿಲ್ಡ್ ನೀರಿನಲ್ಲಿ ಒಂದು ದಿನ ನೆನೆಸಿಟ್ಟು, ಮೆತ್ತನೆ ಬಟ್ಟೆಯ ಮೇಲೆ ತಾನಾಗಿ ಒಣಗಲು ಬಿಡಿ. ಅಷ್ಟು ಸಾಕು.

ಚಿತ್ರಗಳನ್ನು ದೊಡ್ಡದು ಮಾಡಿ ಬಹಳ ಹೊತ್ತು ನೋಡಿದೆ. ಚಿತ್ರದಲ್ಲಿ ತಿಳಿಯುವಷ್ಟರ ಮಟ್ಟಿಗೆ ಎರಡೂ ಅಸಲಿ. ನಿಮ್ಮ ಮನೆಯವರಿಗೆ ಅನುಮಾನ ಹುಟ್ಟಿಸಿದ ಲಕ್ಷಣಗಳೇ, ಅಂದರೆ ಗುಂಡಗಿಲ್ಲದಿರುವುದು, ಅಕ್ಷರ ಮೂಡದಿರುವುದು, ಮಡಿಕೆಯ ಗೆರೆ, ಇವೇ ನನಗೆ ನಂಬಿಕೆ ಹುಟ್ಟಿಸಿದವು. ಯಾಕೆಂದು ವಿವರವಾಗಿ ಹೇಳುತ್ತೇನೆ. ಇದೊಂದು ತಿಳಿದುಬಿಟ್ಟರೆ ಈ ಸಂಗ್ರಹದ ಅರ್ಧ ವಿದ್ಯೆ ಕೈಗೆ ಬಂದಂತೆ.

ಹಳಗನ್ನಡದಲ್ಲಿ ಟಂಕಸಾಲೆಗೆ ‘ಕಮ್ಮಟ’ ಎನ್ನುತ್ತಿದ್ದರು. ಈಗ ಆ ಪದ ಕಥಾ ಕಮ್ಮಟ, ಕಾವ್ಯ ಕಮ್ಮಟಗಳಲ್ಲಿ ಮಾತ್ರ ಉಳಿದಿದೆ. ನಮ್ಮ ಕಡೆಯ ಕಮ್ಮಟದಲ್ಲೂ ಯಾರ್ಕ್‌ನ ಕಮ್ಮಟದಲ್ಲೂ ನಡೆಯುತ್ತಿದ್ದ ಕೆಲಸ ಹೆಚ್ಚುಕಡಿಮೆ ಒಂದೇ. ಬೆಳ್ಳಿಯನ್ನು ಕರಗಿಸಿ, ಬಡಿದು ತಗಡು ಮಾಡಿ, ತುಂಡರಿಸಿ ಬಿಲ್ಲೆ ಮಾಡುವುದು. ಎರಡು ಕಬ್ಬಿಣದ ಅಚ್ಚು. ಕೆಳಗಿನದಕ್ಕೆ ಪೈಲ್ ಎಂದು ಹೆಸರು, ಅದರ ಚೂಪಾದ ಬುಡವನ್ನು ಮರದ ದಿಮ್ಮಿಗೆ ಬಡಿದು ನಿಲ್ಲಿಸುತ್ತಿದ್ದರು. ಮೇಲಿನದು ಟ್ರಸೆಲ್, ಅದನ್ನು ಕೈಯಲ್ಲಿ ಹಿಡಿಯಬೇಕು. ನಡುವೆ ಬಿಲ್ಲೆ ಇಟ್ಟು ಮೇಲಿಂದ ಸುತ್ತಿಗೆಯ ಏಟು. ಬಿಲ್ಲೆಯನ್ನು ಸುತ್ತಲೂ ಹಿಡಿದಿಡುವ ಬಳೆ ಇಲ್ಲ. ಹಾಗಾಗಿ ಏಟು ಬಿದ್ದಾಗ ಬೆಳ್ಳಿ ತನಗೆ ಬೇಕಾದ ಕಡೆ ಹರಡಿಕೊಳ್ಳುತ್ತದೆ. ಟಿಪ್ಪುವಿನ ಆನೆ ಕಾಸು ಕೈಯಲ್ಲಿ ಹಿಡಿದವರಿಗೆ ಇದು ಹೊಸದಲ್ಲ, ಎಷ್ಟೋ ಕಾಸಿನಲ್ಲಿ ಆನೆಯ ಸೊಂಡಿಲೋ ಬಾಲವೋ ಬಿಲ್ಲೆಯಿಂದಾಚೆಗೆ ಉಳಿದಿರುತ್ತದೆ. ಇಂಗ್ಲೆಂಡಿನಲ್ಲಿ 8ನೇ ಶತಮಾನದ ಕೊನೆಗೆ ಮರ್ಸಿಯಾದ ಆಫಾ ರಾಜನ ಕಾಲದಲ್ಲಿ ಬೆಳ್ಳಿ ಪೆನ್ನಿ ನೆಲೆಯಾದಾಗಿನಿಂದ, 1662ರ ಸುಮಾರಿಗೆ ಯಂತ್ರ ಬಂದು ಕೂರುವವರೆಗೆ, ಸುಮಾರು 900 ವರ್ಷ ನಾಣ್ಯ ಹುಟ್ಟಿದ್ದು ಹೀಗೆಯೇ.

ಈಗ ನಿಮ್ಮ ಪೆನ್ನಿಯಲ್ಲಿ ಅಕ್ಷರ ಮೂಡದ ಜಾಗ ನೋಡಿ. ಮುಂಬದಿಯಲ್ಲಿ ರಾಜನ ಕಿರೀಟದ ಬಲಕ್ಕೆ ಮೂರು ಅಕ್ಷರ ಮಸುಕು. ನಾಣ್ಯವನ್ನು ತಿರುಗಿಸಿ, ಸರಿಯಾಗಿ ಅದರ ಬೆನ್ನಿಗೆ ಬರುವ ಜಾಗ ನೋಡಿ. ಅಲ್ಲೂ ಮಸುಕು. ಇದು ಸವೆತವಲ್ಲ. ಸವೆತ ಉಬ್ಬಿದ ಭಾಗವನ್ನು ತಿನ್ನುತ್ತದೆ, ಕೆನ್ನೆ, ಮೂಗು, ಕೂದಲಿನ ಸುರುಳಿ ಮೊದಲು ಹೋಗುತ್ತವೆ. ಎರಡೂ ಬದಿಯಲ್ಲಿ ಒಂದೇ ಕಡೆ ಬೋಳಾಗಿದ್ದರೆ, ಆ ಏಟು ಬಿದ್ದಾಗ ಮೇಲಚ್ಚು ಕೂದಲೆಳೆಯಷ್ಟು ವಾಲಿತ್ತು, ಅಥವಾ ಬಿಲ್ಲೆ ಅಲ್ಲಿ ತೆಳ್ಳಗಿತ್ತು ಎಂದರ್ಥ. ಆ ಬೋಳು ಜಾಗ ಕಮ್ಮಟದವನ ಕೈಯದು. ಆಮೇಲೆ ಯಾರೂ ಮಾಡಿದ್ದಲ್ಲ. ಸುತ್ತಿಗೆ ನಾಣ್ಯ ಕೊಳ್ಳುವಾಗ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಈ ಕೊರತೆ ಹುಟ್ಟಿನಿಂದ ಬಂದದ್ದೋ, ಬದುಕಿನಲ್ಲಿ ಆದದ್ದೋ? ಹುಟ್ಟಿನದಾದರೆ ಅದು ನಾಣ್ಯದ ಚಹರೆ. ಬೆಲೆ ಸ್ವಲ್ಪ ಇಳಿಯಬಹುದು, ಆದರೆ ಅದರಿಂದ ಬೇಸರಪಡಬೇಕಾದ್ದಿಲ್ಲ.

ನಿಮ್ಮ ಪೆನ್ನಿ ಗುಂಡಗಿಲ್ಲದಿರುವುದು ಮಾತ್ರ ಬದುಕಿನಲ್ಲಿ ಆದ ಗಾಯ. ಅಂಚನ್ನು ಕತ್ತರಿಸಿದ್ದಾರೆ. 1279ರಲ್ಲಿ ಮೊದಲನೇ ಎಡ್ವರ್ಡ್ ಹೊಸ ನಾಣ್ಯ ತಂದಾಗ ಪೆನ್ನಿಯ ತೂಕ ಸುಮಾರು 1.44 ಗ್ರಾಂ ಇತ್ತು. ನಿಮ್ಮದು 1.21. ಸ್ವಲ್ಪ ಸವೆತಕ್ಕೆ ಹೋಗಿದೆ, ಮಿಕ್ಕದ್ದು ಯಾರದೋ ಕತ್ತರಿಗೆ. ಒಂದು ಪೌಂಡಿಗೆ 240 ಪೆನ್ನಿ. ಒಂದೊಂದರಿಂದ ಉಗುರಿನಷ್ಟು ತೆಗೆದರೂ ಕೊನೆಗೆ ಕರಗಿಸುವಷ್ಟು ಬೆಳ್ಳಿ ಸೇರುತ್ತದೆ, ಪೆನ್ನಿ ಮಾತ್ರ ಪೆನ್ನಿಯಾಗಿಯೇ ಚಲಾವಣೆಯಾಗುತ್ತದೆ. ಇದನ್ನು ತಡೆಯಲೆಂದೇ 1247ರಲ್ಲಿ ಮೂರನೇ ಹೆನ್ರಿ ಹಿಂಬದಿಯ ಶಿಲುಬೆಯ ತೋಳುಗಳನ್ನು ಅಂಚಿನವರೆಗೆ ಚಾಚಿಸಿದ್ದ. ತೋಳಿನ ತುದಿ ಕಾಣದಿದ್ದರೆ ನಾಣ್ಯ ಕತ್ತರಿಸಿದ್ದೆಂದು ಯಾರಿಗಾದರೂ ಗೊತ್ತಾಗಲಿ ಎಂದು. ಆದರೂ ನಿಲ್ಲಲಿಲ್ಲ. 1278ರಲ್ಲಿ ಎಡ್ವರ್ಡ್ ನಾಣ್ಯ ಕತ್ತರಿಸಿದ ಆರೋಪ ಹೊರಿಸಿ ಇಂಗ್ಲೆಂಡಿನ ಯಹೂದಿಗಳನ್ನು ಸಾಮೂಹಿಕವಾಗಿ ಬಂಧಿಸಿದ, ನೂರಾರು ಜನ ಗಲ್ಲಿಗೇರಿದರು. ಅದೇ ಆರೋಪ ಹೊತ್ತ ಕ್ರೈಸ್ತರಲ್ಲಿ ಪ್ರಾಣ ಕಳೆದುಕೊಂಡವರು ಬಹಳ ಕಡಿಮೆ. 1290ರಲ್ಲಿ ಉಳಿದ ಯಹೂದಿಗಳನ್ನು ದೇಶದಿಂದಲೇ ಹೊರಹಾಕಿದ. ನಿಮ್ಮ ಅಂಗೈಯಲ್ಲಿರುವ ಹೊಸ ನಮೂನೆಯ ಪೆನ್ನಿ ಆ ಗಲ್ಲುಗಳ ಬೆನ್ನಿಗೇ ಬಂದದ್ದು. ಕತ್ತರಿಸಿದ ಅಂಚನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ, ನೆನಪಾಗಬೇಕು ಕೂಡ.

ಪೆನ್ನಿಯನ್ನು ಓದುವ ಬಗೆ ಹೀಗೆ. ಮುಂಬದಿಯಲ್ಲಿ ಎದುರು ನೋಡುವ ಕಿರೀಟಧಾರಿ. ಅದು ಎಡ್ವರ್ಡನ ಮುಖವಲ್ಲ, ‘ರಾಜ’ ಎಂಬುದರ ಗುರುತು ಅಷ್ಟೆ. ನಿಜವಾದ ಮುಖಚಹರೆ ಇಂಗ್ಲಿಷ್ ನಾಣ್ಯಕ್ಕೆ ಬಂದದ್ದು ಏಳನೇ ಹೆನ್ರಿಯ ಕೊನೆಗಾಲದಲ್ಲಿ, 1500ರ ಆಸುಪಾಸಿನಲ್ಲಿ. ಸುತ್ತಲಿನ ಬರಹ ಸಂಕ್ಷೇಪದ ಲ್ಯಾಟಿನ್: ‘ಎಡ್ವರ್ಡ್, ಇಂಗ್ಲೆಂಡಿನ ರಾಜ, ಐರ್ಲೆಂಡಿನ ಒಡೆಯ’ ಎಂದು ಅರ್ಥ. ಹೆಸರು ಎಷ್ಟು ಅಕ್ಷರದಲ್ಲಿದೆ ಎಂದು ಎಣಿಸಿ. ಮೂರೇ ಅಕ್ಷರವಿದ್ದರೆ (EDW) ಬಹುತೇಕ ಮೊದಲನೇ ಎಡ್ವರ್ಡ್. ನಾಲ್ಕು, ಐದು ಅಥವಾ ಪೂರ್ತಿ ಹೆಸರಿದ್ದರೆ ಅವನ ಕೊನೆಯ ವರ್ಷಗಳು ಅಥವಾ ಮಗ ಎರಡನೇ ಎಡ್ವರ್ಡ್. ಅಪ್ಪ, ಮಗ, ಮೊಮ್ಮಗ ಮೂವರಿಗೂ ಒಂದೇ ಹೆಸರು, ಒಂದೇ ಮುಖ. ಕಿರೀಟದ ಆಕಾರ, ಅಕ್ಷರದ ಮೊಳೆ ಎಲ್ಲಿ ಮುರಿದಿದೆ ಎನ್ನುವುದನ್ನೆಲ್ಲ ಹಿಡಿದು ವಿದ್ವಾಂಸರು ಇವನ್ನು ವರ್ಗ ವರ್ಗವಾಗಿ ಬಿಡಿಸಿಟ್ಟಿದ್ದಾರೆ. ನಿಮ್ಮದು ಮೂರಕ್ಷರದ್ದು.

ಹಿಂಬದಿಯಲ್ಲಿ ಉದ್ದ ಶಿಲುಬೆ, ನಾಲ್ಕು ಮೂಲೆಯಲ್ಲಿ ಮೂರು ಮೂರು ಚುಕ್ಕಿ, ಸುತ್ತ ‘ಸಿವಿಟಾಸ್ ಎಬೊರಾಸಿ’, ಅಂದರೆ ಯಾರ್ಕ್ ನಗರ. ಈಗ ಹತ್ತು ಪಟ್ಟು ದೊಡ್ಡದು ಮಾಡುವ ಮಸೂರ ಹಿಡಿದು ಶಿಲುಬೆಯ ಸರಿಯಾದ ನಡುಭಾಗ ನೋಡಿ. ಚಿತ್ರದಲ್ಲಿ ನೆರಳು ಬಿದ್ದು ನನಗೆ ಖಚಿತವಾಗಲಿಲ್ಲ. ಅಲ್ಲಿ ನಾಲ್ಕೆಸಳಿನ ಹೂವಿನಂಥ ಸಣ್ಣ ಗುರುತಿದ್ದರೆ ನಿಮ್ಮ ಪೆನ್ನಿ ರಾಜನ ಟಂಕಸಾಲೆಯದಲ್ಲ, ಯಾರ್ಕ್‌ನ ಆರ್ಚ್‌ಬಿಷಪ್ಪರದು. ಅವರಿಗೆ ಪೆನ್ನಿ ಅಚ್ಚು ಹಾಕುವ ಹಕ್ಕಿತ್ತು, ಲಾಭ ಅವರ ಬೊಕ್ಕಸಕ್ಕೆ. ಒಂದೇ ಊರು, ಒಂದೇ ಬರಹ, ಎರಡು ಕಮ್ಮಟ. ಬೇರೆ ಮಾಡಲು ಸಾಸಿವೆಕಾಳಿನಷ್ಟು ಒಂದು ಹೂವು. ಇದನ್ನು ನೋಡಿ ನನಗೆ ಬರೆದು ತಿಳಿಸಿ, ನಾನು ಕಾಯುತ್ತಿರುತ್ತೇನೆ.

ಇಷ್ಟು ಹಳೆಯ ನಾಣ್ಯ ಒಂದು ಹೊತ್ತಿನ ಹೋಟೆಲ್ ಊಟದ ಬೆಲೆಗೆ ಸಿಕ್ಕಿತಲ್ಲ, ಅದೇ ಅನುಮಾನ ಎಂದೂ ಬರೆದಿದ್ದೀರಿ. ಹಳೆಯದು ಬೇರೆ, ಅಪರೂಪ ಬೇರೆ. ಎಡ್ವರ್ಡರ ಪೆನ್ನಿಗಳು ಲಕ್ಷಗಟ್ಟಲೆ ಅಚ್ಚಾದವು, ಹೂತಿಟ್ಟವರೂ ಬಹಳ. 1831ರಲ್ಲಿ ಸ್ಟಾಫರ್ಡ್‌ಶೈರಿನ ಟಟ್‌ಬರಿ ಬಳಿ ಡವ್ ನದಿಯ ಪಾತ್ರದಲ್ಲಿ ಸಿಕ್ಕ ಒಂದೇ ನಿಧಿಯಲ್ಲಿ ಸುಮಾರು 3,60,000 ನಾಣ್ಯ ಇದ್ದವೆಂದು ಅಂದಾಜು. 1322ರಲ್ಲಿ ರಾಜನ ವಿರುದ್ಧ ಎದ್ದು ಸೋತ ಲ್ಯಾಂಕಾಸ್ಟರ್ ಅರ್ಲ್ ಥಾಮಸನ ಹಣ ಅದು ಎಂದು ಹೇಳುತ್ತಾರೆ. ಇಂಥ ನಿಧಿಗಳಿಂದಾಗಿಯೇ ಏಳು ಶತಮಾನದ ಹಿಂದಿನ ಬೆಳ್ಳಿ ನಿಮ್ಮಂಥವರ, ನನ್ನಂಥವರ ಕೈಗೆ ಎಟುಕುವುದು.

ಇನ್ನು ಸಿಕ್ಸ್‌ಪೆನ್ಸ್. ರಾಣಿಯ ತಲೆಯ ಹಿಂದೆ ಒಂದು ಗುಲಾಬಿ ಇದೆ. ಅದು ಅಲಂಕಾರಕ್ಕಲ್ಲ. ಎಲಿಜಬೆತ್ ಕಾಲದಲ್ಲಿ ಬೆಳ್ಳಿಯ ಎಷ್ಟೋ ಮುಖಬೆಲೆಗಳಿದ್ದವು, ಅಕ್ಕಪಕ್ಕದವು ಗಾತ್ರದಲ್ಲಿ ಹತ್ತಿರ ಹತ್ತಿರ. ಓದು ಬಾರದವರು ಗೊಂದಲಕ್ಕೆ ಬೀಳದಿರಲೆಂದು 1561ರಿಂದ ಆರು ಪೆನ್ಸ್, ಮೂರು ಪೆನ್ಸ್, ಒಂದೂವರೆ ಪೆನ್ಸ್, ಮುಕ್ಕಾಲು ಪೆನ್ನಿ ಇವಕ್ಕೆ ಗುಲಾಬಿಯನ್ನೂ ಇಸವಿಯನ್ನೂ ಹಾಕಿದರು. ನಡುವಿನವಕ್ಕೆ ಗುಲಾಬಿ ಇಲ್ಲ. ಬರಹ ಶುರುವಾಗುವ ಕಡೆ ಓಕ್ ಮರದ ಕಾಯಿಯ ಸಣ್ಣ ಚಿತ್ರವಿದೆ ನೋಡಿ. ಇಂಥ ಗುರುತನ್ನು ಕಾಲಕಾಲಕ್ಕೆ ಬದಲಿಸುತ್ತಿದ್ದರು. ಟಂಕಸಾಲೆ ತನ್ನ ನಾಣ್ಯದಲ್ಲಿ ಕೆಲವನ್ನು ಪಿಕ್ಸ್ ಎಂಬ ಪೆಟ್ಟಿಗೆಗೆ ಹಾಕಿಡಬೇಕು, ಆಮೇಲೆ ಪಂಚರು ಕೂತು ತೂಕ, ಬೆಳ್ಳಿಯ ಅಪ್ಪಟತನ ಒರೆಗೆ ಹಚ್ಚಬೇಕು. ಯಾವ ಕಂತಿನ ನಾಣ್ಯ ಎಂದು ಗೊತ್ತಾಗಲು ಈ ಗುರುತು. ಓಕ್ ಕಾಯಿಯ ಕಾಲ 1573–74. ನಿಮ್ಮ ಇಸವಿಗೆ ಸರಿಹೊಂದಿತು. ಇದೇ 1573ರ ಜೊತೆ ಉಣ್ಣೆಮೂಟೆಯ ಗುರುತಿದ್ದಿದ್ದರೆ ನಾನು ಹುಬ್ಬೇರಿಸುತ್ತಿದ್ದೆ, ಅದು 1590ರ ದಶಕದ ಗುರುತು. ಇಸವಿ, ಗುರುತು, ತೂಕ ಮೂರೂ ಒಂದೇ ಸಾಕ್ಷಿ ಹೇಳಬೇಕು. ಆಗಿನ ಸಿಕ್ಸ್‌ಪೆನ್ಸಿನ ತೂಕ ಸುಮಾರು 3.1 ಗ್ರಾಂ. ಇದರ ತೂಕ ನೀವು ಬರೆದಿಲ್ಲ, ಹಾಕಿ ನೋಡಿ. 2.6ರಿಂದ 3.1ರ ನಡುವೆ ಇದ್ದರೆ ಇಷ್ಟು ಸವೆತಕ್ಕೆ ಸರಿ.

ಮಡಿಕೆಯ ಗೆರೆಯ ವಿಷಯಕ್ಕೆ ಬರುತ್ತೇನೆ, ಇದು ನನಗೆ ಬಹಳ ಪ್ರಿಯವಾದ ವಿಷಯ. ನಮ್ಮ ಮನೆಗಳಲ್ಲಿ ಮಗುವಿಗೆ ಜ್ವರ ಏರಿದರೆ ಅಜ್ಜಿ ಏನು ಮಾಡುತ್ತಿದ್ದರು? ಅರಿಸಿನದ ಬಟ್ಟೆಯಲ್ಲಿ ಒಂದು ನಾಣ್ಯ ಕಟ್ಟಿ, ದೇವರ ಹೆಸರು ಹೇಳಿ ಗೂಡಿನಲ್ಲಿಡುತ್ತಿದ್ದರು. ಮುಡಿಪು. ಆ ನಾಣ್ಯ ಆಮೇಲೆ ಖರ್ಚಿಗೆ ಬರುವಂತಿಲ್ಲ, ಧರ್ಮಸ್ಥಳಕ್ಕೋ ತಿರುಪತಿಗೋ ತಲುಪಬೇಕು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹರಕೆ ಹೊತ್ತವರು ಕಾಯಿಲೆಯವರ ತಲೆಯ ಬಳಿ ಸಂತನ ಹೆಸರು ಹೇಳಿ ಪೆನ್ನಿಯನ್ನು ಬಗ್ಗಿಸುತ್ತಿದ್ದರು. ಬಗ್ಗಿಸಿದ ನಾಣ್ಯ ಸಂತನಿಗೆ ಮೀಸಲು, ಗುಣವಾದ ಮೇಲೆ ಅವನ ಸಮಾಧಿಗೆ ಒಪ್ಪಿಸಬೇಕು. 13ನೇ ಶತಮಾನದ ಕೊನೆಗೆ ಹೆರ್‌ಫರ್ಡ್‌ನಲ್ಲಿ ಸಂತ ಥಾಮಸ್ ಕ್ಯಾಂಟಿಲೂಪನ ಪವಾಡಗಳನ್ನು ಬರೆದಿಟ್ಟವರು ಈ ಪೆನ್ನಿ ಬಗ್ಗಿಸುವ ಪದ್ಧತಿಯನ್ನು ಮತ್ತೆ ಮತ್ತೆ ದಾಖಲಿಸಿದ್ದಾರೆ. ನಿಮ್ಮ ಸಿಕ್ಸ್‌ಪೆನ್ಸಿನ ಮಡಿಕೆ ಆ ಜಾತಿಯದಲ್ಲ, ಅದು ಇನ್ನೂ ಈಚಿನದು. ಒಂದು ಅಂಚು ಮೇಲಕ್ಕೆ, ಇನ್ನೊಂದು ಅಂಚು ಕೆಳಕ್ಕೆ ಬಾಗಿಸಿದ ಎರಡು ಗೆರೆ ಇದೆ. ಇದು ಪ್ರೀತಿಸಿದವರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದ ನಾಣ್ಯದ ಲಕ್ಷಣ, 17ನೇ ಶತಮಾನದಲ್ಲಿ ಬಹಳ ರೂಢಿಯಲ್ಲಿತ್ತು. ರಾಣಿ ತೀರಿಕೊಂಡ ಮೇಲೂ ಆಕೆಯ ನಾಣ್ಯ ದಶಕಗಟ್ಟಲೆ ಚಲಾವಣೆಯಲ್ಲಿತ್ತು, ಆಗ ಯಾರೋ ಒಬ್ಬ ಹುಡುಗ ಇದನ್ನು ಚಲಾವಣೆಯಿಂದ ತೆಗೆದು ಒಬ್ಬಳಿಗೆ ಕೊಟ್ಟಿರಬೇಕು. ಇನ್ನಾರೋ ಆಮೇಲೆ ಚಪ್ಪಟೆ ಮಾಡಿ ಮತ್ತೆ ಖರ್ಚು ಮಾಡಿದ್ದಾರೆ. ಉಳಿದ ಅಲ್ಪ ಬಾಗನ್ನು ನೀವು ನೇರ ಮಾಡಲು ಹೋಗಬೇಡಿ. ಹಳೆಯ ಬೆಳ್ಳಿ ಒಳಗೆ ಹರಳುಗಟ್ಟಿರಬಹುದು, ಬಿಸ್ಕತ್ತಿನಂತೆ ಮುರಿದೀತು. ಗಟ್ಟಿ ನೆಲದ ಮೇಲೆ ನಿಂತು ನಾಣ್ಯ ನೋಡುವುದೂ ಬೇಡ, ಮೇಜಿನ ಮೇಲೆ ಮೆತ್ತನೆ ಬಟ್ಟೆ ಹಾಸಿ ಕೂತು ನೋಡಿ.

ನಕಲಿಯ ಭಯ ಸರಿಯಾದದ್ದೇ, ಅದನ್ನು ಬಿಡಬೇಡಿ. ನಾನು ಕಲಿತದ್ದು ನಷ್ಟದಿಂದ. ವರ್ಷಗಳ ಹಿಂದೆ ಒಂದು ಮೇಳದಲ್ಲಿ ಎಂಟನೇ ಹೆನ್ರಿಯ ಗ್ರೋಟ್ ಕೊಂಡೆ. ಗ್ರೋಟ್ ಅಂದರೆ ನಾಲ್ಕು ಪೆನ್ಸಿನ ನಾಣ್ಯ. ಚೆಂದದ ಮುಖ, ಅಂಚಿನಲ್ಲಿ ಸಣ್ಣ ಸೀಳು, ಕೆನ್ನೆಯ ಮೇಲೊಂದು ಗೀರು. ಆ ಸೀಳು, ಗೀರು ನೋಡಿಯೇ ‘ಇದು ಬದುಕಿ ಬಂದ ನಾಣ್ಯ’ ಎಂದು ನಂಬಿದ್ದೆ. ಎರಡು ವರ್ಷ ಕಳೆದು ಇನ್ನೊಂದು ಊರಿನಲ್ಲಿ, ಇನ್ನೊಬ್ಬರ ತಟ್ಟೆಯಲ್ಲಿ ಅದೇ ಗ್ರೋಟ್ ನೋಡಿದೆ. ಅದೇ ಜಾಗದಲ್ಲಿ ಅದೇ ಸೀಳು, ಕೆನ್ನೆಯ ಮೇಲೆ ಅದೇ ಗೀರು. ಕೈಕಾಲು ತಣ್ಣಗಾಯಿತು. ಒಂದು ಅಸಲಿಯಿಂದ ಅಚ್ಚು ತೆಗೆದು ಎರಕ ಹೊಯ್ದ ಮಾಲು ಎರಡೂ. ಅಂದಿನಿಂದ ನನ್ನ ಸೂತ್ರ ಇದು: ಸುತ್ತಿಗೆ ನಾಣ್ಯದಲ್ಲಿ ಅಚ್ಚು ಎರಡಕ್ಕೂ ಒಂದೇ ಇರಬಹುದು, ಆದರೆ ಏಟು ಒಂದೇ ಇರಲಾರದು. ಎಲ್ಲಿ ವಾಲಿತು, ಎಲ್ಲಿ ಸೀಳಿತು, ಎಲ್ಲಿ ಮಸುಕಾಯಿತು, ಇವು ಬೆರಳಚ್ಚಿನ ಹಾಗೆ. ಎರಡು ನಾಣ್ಯದಲ್ಲಿ ಇವೆಲ್ಲ ಒಂದೇ ಆಗಿದ್ದರೆ ಕನಿಷ್ಠ ಒಂದು ನಕಲಿ. ಕೊಳ್ಳುವ ಮೊದಲು ಹರಾಜಿನ ಹಳೆಯ ಚಿತ್ರಗಳನ್ನು ಜಾಲದಲ್ಲಿ ಹುಡುಕಿ ಹೋಲಿಸಿ ನೋಡಿ.

ಎರಕದ ನಾಣ್ಯಕ್ಕೆ ಇನ್ನೂ ಕುರುಹುಗಳಿವೆ. ಅಕ್ಷರದ ಅಂಚು ಸೋಪು ಸವೆದ ಹಾಗೆ ಮೃದುವಾಗಿರುತ್ತದೆ. ಏಟಿನಿಂದ ಮೂಡಿದ ಅಕ್ಷರಕ್ಕೆ ಗೋಡೆ ನೆಟ್ಟಗಿರುತ್ತದೆ. ಮಸೂರದಲ್ಲಿ ಸಣ್ಣ ಸಣ್ಣ ಗುಳ್ಳೆಯ ಗುಳಿ ಕಾಣಬಹುದು. ನಾಣ್ಯದ ಪಕ್ಕದ ಅಂಚಿನಲ್ಲಿ ಸುತ್ತಲೂ ಜೋಡಣೆಯ ಗೆರೆ, ಅಥವಾ ಆ ಗೆರೆಯನ್ನು ಅರದಿಂದ ಉಜ್ಜಿದ ಗುರುತು. ತೂಕ ಒಂದು ಗುಂಜಿಯಷ್ಟು ಹೆಚ್ಚಾದರೂ ನಿಂತು ಯೋಚಿಸಿ. ಸವೆತ ತೂಕವನ್ನು ಇಳಿಸುತ್ತದೆಯೇ ಹೊರತು ಏರಿಸುವುದಿಲ್ಲ. 0.01 ಗ್ರಾಂ ತೋರಿಸುವ ಸಣ್ಣ ತಕ್ಕಡಿ ಈಗ ಅಗ್ಗ. ಮೊದಲ ದುಡ್ಡು ಅದಕ್ಕೆ, ಎರಡನೆಯದು ಮಸೂರಕ್ಕೆ, ನಾಣ್ಯ ಆಮೇಲೆ. ಆ ಕಾಲದಲ್ಲೇ ಮಾಡಿದ ನಕಲಿಗಳು ಮಾತ್ರ ಬೇರೆ ಮಾತು. ಎಡ್ವರ್ಡನ ಪೆನ್ನಿಯನ್ನು ಸಮುದ್ರದಾಚೆಯ ಫ್ಲಾಂಡರ್ಸ್ ಸುತ್ತಮುತ್ತಲಿನ ಸಣ್ಣ ಪ್ರಭುಗಳು ಕಡಿಮೆ ಬೆಳ್ಳಿಯಲ್ಲಿ ಅನುಕರಿಸಿ ರಾಶಿಗಟ್ಟಲೆ ಒಳಗೆ ನೂಕಿದರು. ಪೊಲಾರ್ಡ್, ಕ್ರೊಕಾರ್ಡ್ ಎಂದು ಅವುಗಳ ಹೆಸರು, 1299ರಲ್ಲಿ ಕಾನೂನು ಮಾಡಿ ತಡೆಯಬೇಕಾಯಿತು. ಅವನ್ನೇ ಸಂಗ್ರಹಿಸುವವರಿದ್ದಾರೆ.

ಎಲ್ಲಿಂದ ಶುರು ಎಂದು ಕೇಳಿದಿರಿ. ‘ಪ್ರತಿಯೊಬ್ಬ ರಾಜನದೂ ಒಂದೊಂದು’ ಎಂಬ ಹಾದಿಯನ್ನು ಬಹಳ ಜನ ಹಿಡಿಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಅಪರೂಪದ ರಾಜನ ಬಳಿ ಬಂದು ಗಾಡಿ ನಿಲ್ಲುತ್ತದೆ, ದುಡ್ಡಿಲ್ಲದೆ ಆಸಕ್ತಿ ಬತ್ತುತ್ತದೆ. ಹೆಸರಿಗೆ ದುಡ್ಡು ಸುರಿಯುವ ಅಪಾಯವೂ ಇದೆ. ಉದಾಹರಣೆಗೆ, ಸಿಂಹಹೃದಯ ರಿಚರ್ಡನ ಹೆಸರಿನ ಇಂಗ್ಲಿಷ್ ಪೆನ್ನಿ ಇಲ್ಲವೇ ಇಲ್ಲ. 1180ರಲ್ಲಿ ಅವನಪ್ಪ ಎರಡನೇ ಹೆನ್ರಿ ಶುರು ಮಾಡಿದ ಚಿಕ್ಕ ಶಿಲುಬೆಯ ಪೆನ್ನಿಯನ್ನು ರಿಚರ್ಡ್, ಜಾನ್ ಇಬ್ಬರೂ ‘ಹೆನ್ರಿಕಸ್’ ಎಂಬ ಹೆಸರಿನಲ್ಲೇ ಮುಂದುವರಿಸಿದರು. ಯಾರ ಕಾಲದ್ದೆಂದು ತಲೆಗೂದಲಿನ ಗುಂಗುರು ಎಣಿಸಿ ಹೇಳಬೇಕು. ‘ರಿಚರ್ಡನ ನಾಣ್ಯ’ ಎಂದು ದುಪ್ಪಟ್ಟು ಬೆಲೆ ಹೇಳಿದರೆ, ಯಾವ ವರ್ಗ, ಯಾವ ಟಂಕಿಗ (ನಾಣ್ಯ ಹೊಡೆಸುವ ಹೊಣೆ ಹೊತ್ತವನು) ಎಂದು ಕೇಳಿ. ಉತ್ತರ ಬರದಿದ್ದರೆ ಮುಂದಕ್ಕೆ ನಡೆಯಿರಿ.

ನೀವು ಯಾರ್ಕ್‌ನಲ್ಲಿದ್ದೀರಿ. ಇದಕ್ಕಿಂತ ಒಳ್ಳೆಯ ಅದೃಷ್ಟ ಬೇಕೇ? ಯಾರ್ಕ್ ಕಮ್ಮಟದ ನಾಣ್ಯಗಳನ್ನಷ್ಟೇ ಕೂಡಿಸಿ. ವರ್ಷಕ್ಕೆ ಎರಡು ಮೂರು ಸಾಕು. ಶುರುವಿಗೆ ವೈಕಿಂಗ್ ಕಾಲದ ಯಾರ್ಕ್ ಇದೆ: 10ನೇ ಶತಮಾನದಲ್ಲಿ ಆನ್ಲಾಫ್ ಎಂಬ ನಾರ್ಸ್ ರಾಜ ಹಕ್ಕಿಯ ಚಿತ್ರ ಹಾಕಿ, ಲ್ಯಾಟಿನ್ ಬಿಟ್ಟು ತನ್ನ ಜನರ ಮಾತಿನಲ್ಲೇ ‘ಆನ್ಲಾಫ್ ಕುನುಂಕ್’, ಅಂದರೆ ಆನ್ಲಾಫ್ ರಾಜ, ಎಂದು ಬರೆಸಿದ. ಅದನ್ನು ವಸ್ತುಸಂಗ್ರಹಾಲಯದ ಗಾಜಿನಾಚೆ ನೋಡಿ ತೃಪ್ತಿಪಡಬೇಕು, ನಮ್ಮ ಕೈಗೆ ಎಟುಕುವುದಲ್ಲ. ಎಟುಕುವುದು ಚಿಕ್ಕ ಶಿಲುಬೆಯ ಪೆನ್ನಿಯಿಂದ. ಅದರಲ್ಲಿ ಊರಿನ ಹೆಸರು ‘ಎವರ್‌ವಿಕ್’ ಅಥವಾ ಅದರ ತುಂಡು, ಜೊತೆಗೆ ಟಂಕಿಗನ ಹೆಸರು. ತಪ್ಪು ಮಾಡಿದರೆ ಹೊಣೆ ಯಾರೆಂದು ಗೊತ್ತಿರಲೆಂದು ಆ ಹೆಸರು. ಒಂದನೇ ಹೆನ್ರಿಯ ಕಾಲದಲ್ಲಿ, 1124ರ ಕ್ರಿಸ್ಮಸ್‌ಗೆ ಟಂಕಿಗರನ್ನು ವಿಂಚೆಸ್ಟರಿಗೆ ಕರೆಸಿ ಬಲಗೈ ಕಡಿಸಿದ್ದು ಇದೇ ಹೊಣೆಯ ಹೆಸರಿನಲ್ಲಿ. ಪೂರ್ತಿ ಪೆನ್ನಿ ದುಬಾರಿ ಎನಿಸಿದರೆ ಅರ್ಧ ಕೊಳ್ಳಿ. 1279ಕ್ಕೆ ಮುಂಚೆ ಚಿಲ್ಲರೆ ಬೇಕಾದರೆ ಪೆನ್ನಿಯನ್ನು ಶಿಲುಬೆಯ ಗೆರೆಗುಂಟ ಎರಡಾಗಿ, ನಾಲ್ಕಾಗಿ ಕತ್ತರಿಸುತ್ತಿದ್ದರು. ಫಾರ್ದಿಂಗ್ ಎಂದರೆ ನಾಲ್ಕನೇ ಒಂದು ಪಾಲು, ನಮ್ಮ ‘ಕಾಲು’. ಅಂಥ ತುಂಡು ಕಡಿಮೆ ಬೆಲೆಗೆ ಸಿಗುತ್ತದೆ, ಮಗುವಿನ ಕೈಗಿಟ್ಟರೂ ಕಥೆ ಅರ್ಥವಾಗುತ್ತದೆ.

ಆಮೇಲೆ ನಿಮ್ಮಲ್ಲಿರುವ ಎಡ್ವರ್ಡ್ ಪೆನ್ನಿ. ಅದರ ಪಕ್ಕಕ್ಕೆ 15ನೇ ಶತಮಾನದ ಆರ್ಚ್‌ಬಿಷಪ್ಪರ ಪೆನ್ನಿ ಇಟ್ಟರೆ ತೂಕ ಇಳಿದದ್ದು ಕಣ್ಣಿಗೇ ಕಾಣುತ್ತದೆ: 1351ರಲ್ಲಿ 1.17 ಗ್ರಾಂ, 1412ರಲ್ಲಿ 0.97, 1464ರಲ್ಲಿ 0.78. ಯಾರ್ಕ್‌ನ ಈ ಕಾಲದ ಪೆನ್ನಿಗಳು ನೋಡಲು ಒರಟು, ಕತ್ತರಿಗೆ ಸಿಕ್ಕದ್ದೂ ಬಹಳ. ಒಳ್ಳೆಯದನ್ನು ಕಾದು ಕೊಳ್ಳಿ.

ಮುಂದಿನದನ್ನು ಮಾತ್ರ ಹೇಗಾದರೂ ಕೂಡಿಸಿ: ಕಾರ್ಡಿನಲ್ ಥಾಮಸ್ ವೂಲ್ಸಿಯ ಅರ್ಧ ಗ್ರೋಟ್. ಎಂಟನೇ ಹೆನ್ರಿಯ ಬಲಗೈಯಂತಿದ್ದ ವೂಲ್ಸಿ ಯಾರ್ಕ್‌ನ ಆರ್ಚ್‌ಬಿಷಪ್ ಕೂಡ. ಆರ್ಚ್‌ಬಿಷಪ್ಪರು ಅರ್ಧ ಗ್ರೋಟ್‌ವರೆಗೆ ಅಚ್ಚು ಹಾಕುವುದು ರೂಢಿ. ಅವನು ಪೂರ್ತಿ ಗ್ರೋಟನ್ನೇ ಹಾಕಿಸಿದ, ರಾಜಲಾಂಛನದ ಕೆಳಗೆ ತನ್ನ ಕಾರ್ಡಿನಲ್ ಟೋಪಿ, ಪಕ್ಕದಲ್ಲಿ ತನ್ನ ಹೆಸರಿನ ‘ಟಿ’, ‘ಡಬ್ಲ್ಯು’ ಎರಡಕ್ಷರ. 1529ರಲ್ಲಿ ಅವನು ಬಿದ್ದಾಗ ಹೊರಿಸಿದ ಆರೋಪಗಳ ಪಟ್ಟಿಯಲ್ಲಿ ಈ ಟೋಪಿಯೂ ಸೇರಿತ್ತು. ಗ್ರೋಟಿನ ಬೆಲೆ ಹೆಚ್ಚು. ಅರ್ಧ ಗ್ರೋಟ್ ಸಾಕಷ್ಟು ಉಳಿದಿವೆ, ಅದರಲ್ಲೂ ಅದೇ ಟೋಪಿ, ಅದೇ ಅಕ್ಷರ. ಎರಡೂ ಬದಿಯಿಂದ ಜೋತಾಡುವ ಟೋಪಿಯ ಗೊಂಡೆಗಳು ಒಳ್ಳೆಯ ಪ್ರತಿಯಲ್ಲಿ ದಾರ ದಾರವಾಗಿ ಕಾಣುತ್ತವೆ. ಬೆರಳುಗುರಿನಗಲ ಬೆಳ್ಳಿಯ ಮೇಲೆ ಒಬ್ಬ ಮನುಷ್ಯನ ಅಹಂಕಾರ ಇಷ್ಟು ಸ್ಪಷ್ಟವಾಗಿ ಕೂತದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಬಳಿಕ ಆರನೇ ಎಡ್ವರ್ಡನ ಕೊನೆಯ ಎರಡು ವರ್ಷದಲ್ಲಿ ಯಾರ್ಕ್‌ನಲ್ಲಾದ ಸಿಕ್ಸ್‌ಪೆನ್ಸ್, ಅದಕ್ಕೆ ನಕ್ಷತ್ರದ ಗುರುತು. ಅಂತರ್ಯುದ್ಧದಲ್ಲಿ ಒಂದನೇ ಚಾರ್ಲ್ಸ್ 1643–44ರಲ್ಲಿ ಇಲ್ಲಿ ತೆರೆದ ಟಂಕಸಾಲೆಯದು, ಕುದುರೆಯ ಕೆಳಗೆ ‘ಎಬೊರ್’ ಎಂದಿರುವ ಹಾಫ್ ಕ್ರೌನ್, ಅಂದರೆ ಮೂವತ್ತು ಪೆನ್ಸಿನ ನಾಣ್ಯ. ಇವಕ್ಕೆ ದುಡ್ಡು ಕೂಡಿಡಬೇಕು. ಚಿನ್ನದ ಕಡೆ ಸದ್ಯಕ್ಕೆ ತಲೆ ಹಾಕಬೇಡಿ. ಭಾರತೀಯರಾದ್ದರಿಂದ ನಿಮಗೆ ಯಾರಾದರೂ 1600–01ರ ಪೋರ್ಟ್‌ಕಲಿಸ್ ಹಣವನ್ನು ತೋರಿಸಬಹುದು. ಈಸ್ಟ್ ಇಂಡಿಯಾ ಕಂಪನಿಯ ಮೊದಲ ಯಾನಕ್ಕೆಂದು ಎಲಿಜಬೆತ್ ಹೆಸರಿನಲ್ಲಿ ಸ್ಪೇನಿನ ರಿಯಾಲ್‌ಗಳ ತೂಕಕ್ಕೆ ಹೊಂದಿಸಿ ಹೊಡೆಸಿದ್ದು ಅದು. ಆ ಹಡಗುಗಳು ಹೋದದ್ದು ಭಾರತಕ್ಕಲ್ಲ, ಸುಮಾತ್ರದ ಅಚೆ, ಜಾವಾದ ಬಾಂಟಮ್‌ಗೆ. ಅಲ್ಲಿನ ವ್ಯಾಪಾರಿಗಳಿಗೆ ಪರಿಚಯವಿದ್ದದ್ದು ರಿಯಾಲ್ ಮಾತ್ರ. ಬಹಳ ಅಪರೂಪ, ಬಹಳ ದುಬಾರಿ, ನಕಲಿಯೂ ಇದೆ. ಮೊದಲ ಐದು ವರ್ಷ ಅದರ ತಂಟೆ ಬೇಡ.

ಕೊಳ್ಳುವಾಗ ಹೆಸರು ಇರುವ, ವ್ಯಾಪಾರಿ ಸಂಘದ ಸದಸ್ಯರಾದವರ ಬಳಿ ಕೊಳ್ಳಿ. ನಕಲಿ ಎಂದಾದರೆ ಹಣ ವಾಪಸು ಕೊಡುತ್ತೇವೆ ಎಂದು ರಸೀದಿಯಲ್ಲಿ ಬರೆಸಿಕೊಳ್ಳಿ. ನಾಣ್ಯದ ಜೊತೆ ಹಳೆಯ ಸಂಗ್ರಾಹಕರ ಕೈಬರಹದ ಚೀಟಿ ಬಂದರೆ ಅದನ್ನು ನಾಣ್ಯದಷ್ಟೇ ಜೋಪಾನ ಮಾಡಿ, ಅದು ಅದರ ವಂಶಾವಳಿ. ಮೆತ್ತನೆ ಪ್ಲಾಸ್ಟಿಕ್ ಜೇಬುಗಳ ಆಲ್ಬಂ ಬೇಡ, ಪಿವಿಸಿ ಒಸರಿ ನಾಣ್ಯಕ್ಕೆ ಹಸಿರು ಜಿಡ್ಡು ಕಟ್ಟುತ್ತದೆ. ಆಮ್ಲವಿಲ್ಲದ ಕಾಗದದ ಲಕೋಟೆ ಸಾಕು. ಮರದ ಪೆಟ್ಟಿಗೆ ಮಾಡಿಸಿದರೆ ಮಹಾಗನಿ ಇರಲಿ, ಓಕ್ ಬೇಡ.

ಹೊಲಕ್ಕೆ ಹೋಗುವ ವಿಷಯ. ಹೋಗಬಹುದು, ಆದರೆ ಜಮೀನಿನವರ ಒಪ್ಪಿಗೆ ಬರಹದಲ್ಲಿ ಇರಬೇಕು, ಸಂರಕ್ಷಿತ ಸ್ಮಾರಕದ ಜಾಗ ಆಗಿರಬಾರದು. ಇಂಗ್ಲೆಂಡಿನಲ್ಲಿ 1996ರ ನಿಧಿ ಕಾಯ್ದೆಯಂತೆ, 300 ವರ್ಷ ಮೀರಿದ, ಬೆಳ್ಳಿ ಅಥವಾ ಚಿನ್ನ ನೂರಕ್ಕೆ ಹತ್ತು ಭಾಗವಾದರೂ ಇರುವ ಎರಡು ಅಥವಾ ಹೆಚ್ಚು ನಾಣ್ಯ ಒಂದೇ ಕಡೆ ಸಿಕ್ಕರೆ 14 ದಿನದೊಳಗೆ ತಿಳಿಸಲೇಬೇಕು. ಬಿಡಿ ನಾಣ್ಯ ಸಿಕ್ಕರೂ ನೆಲದಲ್ಲಿ ಸಿಕ್ಕ ಹಳೆಯ ವಸ್ತುಗಳನ್ನು ದಾಖಲಿಸುವ ಆ ಜಿಲ್ಲೆಯ ಫೈಂಡ್ಸ್ ಅಧಿಕಾರಿಗೆ ತೋರಿಸಿ ದಾಖಲು ಮಾಡಿಸಿ. 2007ರಲ್ಲಿ ನಿಮ್ಮೂರಿಗೆ ಹತ್ತಿರದ ಹ್ಯಾರೊಗೇಟ್ ಬಳಿ ಅಪ್ಪ ಮಗ ಇಬ್ಬರಿಗೆ ಬೆಳ್ಳಿಯ ಬಟ್ಟಲೊಂದು ಸಿಕ್ಕಿತು. ಅವರು ಅದನ್ನು ಬಗೆಯದೆ, ತೊಳೆಯದೆ ಹಾಗೆಯೇ ಒಪ್ಪಿಸಿದರು. ಒಳಗೆ 617 ನಾಣ್ಯ, ಅವುಗಳಲ್ಲಿ ಮಧ್ಯ ಏಷ್ಯಾದ ಸಮರ್ಕಂದದ ದಿರ್ಹಮ್ ಎಂಬ ಬೆಳ್ಳಿ ನಾಣ್ಯ ಕೂಡ. ಹತ್ತು ಲಕ್ಷ ಪೌಂಡಿಗೂ ಮೀರಿದ ಬೆಲೆ ಕಟ್ಟಿ ಬ್ರಿಟಿಷ್ ಮ್ಯೂಸಿಯಂ, ಯಾರ್ಕ್ ಮ್ಯೂಸಿಯಂಸ್ ಟ್ರಸ್ಟ್ ಜೊತೆಯಾಗಿ ಕೊಂಡವು. 2015ರಲ್ಲಿ ಹೆರ್‌ಫರ್ಡ್‌ಶೈರಿನಲ್ಲಿ ವೈಕಿಂಗ್ ಕಾಲದ ನಿಧಿ ಸಿಕ್ಕವರು ಅದನ್ನು ಮುಚ್ಚಿಟ್ಟು ಗುಟ್ಟಾಗಿ ಮಾರಲು ಹೋದರು, 2019ರಲ್ಲಿ ಜೈಲು ಸೇರಿದರು. ಸುಮಾರು 300 ಇದ್ದವೆನ್ನಲಾದ ಆ ನಾಣ್ಯಗಳಲ್ಲಿ ಬಹುಪಾಲು ಇನ್ನೂ ಕಣ್ಮರೆ. ಆಲ್ಫ್ರೆಡ್ ರಾಜನ ಕಾಲದ ಇತಿಹಾಸದ ಒಂದು ಪುಟವೇ ಆ ಚೀಲದಲ್ಲಿತ್ತು. ಅದಕ್ಕೇ ಹೇಳುತ್ತೇನೆ, ಎಲ್ಲಿ ಸಿಕ್ಕಿತೆಂದು ಹೇಳಲು ತಡವರಿಸುವವರ ಬಳಿ ಎಷ್ಟೇ ಅಗ್ಗವಾದರೂ ಕೊಳ್ಳಬೇಡಿ. ರಜೆಗೆ ಬರುವಾಗ ನಾಣ್ಯ ಊರಿಗೆ ತರುವ ಯೋಚನೆ ಇದ್ದರೆ ಬ್ರಿಟನ್ನಿನ ರಫ್ತು ಪರವಾನಗಿ ಬೇಕೇ ಎಂದು ಮೊದಲು ವಿಚಾರಿಸಿ. ಇಲ್ಲಿಗೆ ಬಂದ ಮೇಲೆ ನೂರು ವರ್ಷ ಮೀರಿದ ವಸ್ತುವನ್ನು ಮತ್ತೆ ಹೊರಗೊಯ್ಯುವುದಕ್ಕೆ ನಮ್ಮ 1972ರ ಪ್ರಾಚ್ಯವಸ್ತು ಕಾಯ್ದೆ ಅಡ್ಡ ಬರುತ್ತದೆ. ಅಲ್ಲೇ ಇಟ್ಟುಕೊಳ್ಳುವುದು ಕ್ಷೇಮ.

ಯಾರ್ಕ್ ಸಾಲಿನ ಕೊನೆಗೆ ಒಂದು ನಾಣ್ಯ ಇಡಿ, ಅದು ಸುತ್ತಿಗೆಯದಲ್ಲ. 1690ರ ದಶಕದ ಹೊತ್ತಿಗೆ ಚಲಾವಣೆಯ ಹಳೆಯ ಬೆಳ್ಳಿ ಕತ್ತರಿಸಿ ಕತ್ತರಿಸಿ ಸರಾಸರಿ ಅರ್ಧ ತೂಕಕ್ಕಿಳಿದಿತ್ತು. 1696ರಲ್ಲಿ ಮೂರನೇ ವಿಲಿಯಂ ಸರ್ಕಾರ ಸುತ್ತಿಗೆ ನಾಣ್ಯವನ್ನೆಲ್ಲ ಹಿಂದಕ್ಕೆ ಕರೆದು ಕರಗಿಸಿತು, ಖರ್ಚು ತುಂಬಲು ಮನೆಯ ಕಿಟಕಿಗಳಿಗೆ ತೆರಿಗೆ ಹಾಕಿತು. ಐಸಾಕ್ ನ್ಯೂಟನ್ ಟಂಕಸಾಲೆಯ ಕೆಲಸಕ್ಕೆ ಬಂದದ್ದೂ ಅದೇ ವರ್ಷ. ಲಂಡನ್ ಒಂದರಿಂದ ಆಗದೆಂದು ಐದು ಊರುಗಳಲ್ಲಿ ಯಂತ್ರ ಕೂರಿಸಿದರು, ಅವುಗಳಲ್ಲಿ ಯಾರ್ಕ್ ಒಂದು. ರಾಜನ ಎದೆಚಿತ್ರದ ಕೆಳಗೆ ಸಣ್ಣ ‘ವೈ’ ಅಕ್ಷರವಿರುವ 1696 ಅಥವಾ 1697ರ ಸಿಕ್ಸ್‌ಪೆನ್ಸ್ ಮೇಳದಲ್ಲಿ ಸುಲಭವಾಗಿ ಸಿಗುತ್ತದೆ, ಬೆಲೆಯೂ ಭಾರವಲ್ಲ. ತಕ್ಕಡಿಗೆ ಹಾಕಿದರೆ ಸುಮಾರು ಮೂರು ಗ್ರಾಂ ತೂಗುತ್ತದೆ, ಗುಂಡಗಿದೆ, ಕತ್ತರಿ ಬಿದ್ದರೆ ಗೊತ್ತಾಗುವಂತೆ ಅಂಚಿಗೆ ಗೆರೆ ಕೊರೆದಿದೆ. ಅದರೊಳಗಿನ ಬೆಳ್ಳಿ ನಿಮ್ಮ 1573ರ ಸಿಕ್ಸ್‌ಪೆನ್ಸಿನ ಒಡಹುಟ್ಟುಗಳದ್ದೇ ಇರಬಹುದು, ಯಾರ್ಕ್‌ನ ಕುಲುಮೆಯಲ್ಲಿ ಕರಗಿದವು.